ಇಟಲಿ ಬಂಗಲೆಯ ಗಿಡ್ಡ ಕಂಬ

ನಾನು ಚಿಕ್ಕವಳಿದ್ದಾಗ ಒಂದು ದಿನ ನನ್ನ ತಲೆ ಬಂಗಲೆಯೊಂದರ ಕಂಬಗಳ ಮಧ್ಯೆ ಸಿಕ್ಕಿಹಾಕಿಕೊಂಡಿತ್ತು. ನಗಬೇಡಿ ಮಕ್ಕಳೇ. ಆ ದಿನ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಮೊನ್ನೆ ರಜೆಯಲ್ಲಿ ನಾವೆಲ್ಲ ನೋಡಿ ಬಂದೆವಲ್ಲ, ಜುಮೇರಾದ ಆ ಹಳೇ ಬಂಗಲೆ, ಅದೇ. ಆಗ ಅದು ಹೊಸತು. ದುಬೈಯಲ್ಲಿ ದುಡ್ಡಿದ್ದವರು ಊರ ಗಲಾಟೆ ಬಿಟ್ಟು ಸಮುದ್ರದ ಬದಿಗೆ ಬಂದು ದೊಡ್ಡ ದೊಡ್ಡ ಮನೆ ಕಟ್ಟಿಸುತ್ತಿದ್ದ ಕಾಲ. ರಸ್ತೆ ಅಂದರೆ ಮರಳಿನ ಮೇಲೆ ಗಾಡಿ ಹೋದ ಗುರುತು, ಅಷ್ಟೇ. ಅಂಥ ಕಡೆ ಈ ಬಂಗಲೆಗೆ ಇಟಲಿ ದೇಶದವರ ಮನೆಗಳ ಹಾಗೆ ಚೌಕದ ಗೋಪುರ, ತಲೆ ದುಂಡಗಿರುವ ಉದ್ದದ ಕಿಟಕಿ, ಮಾಡಿನ ಕೆಳಗೆ ಕೆತ್ತಿದ ಬಳ್ಳಿ. ಮಹಡಿಯ ಜಗಲಿಯ ಅಂಚಿಗೆ ಬಿಳೀ ಗಿಡ್ಡ ಕಂಬಗಳು, ಹೂಜಿಗಳನ್ನು ಸಾಲಾಗಿ ಇಟ್ಟ ಹಾಗೆ. ಅವು ಇಟಲಿಯ ಕಲ್ಲು, ಹಡಗಿನಲ್ಲಿ ಬಂದದ್ದು ಎಂದು ಮನೆಯ ಯಜಮಾನ ಬಂದವರಿಗೆಲ್ಲ ಬೆತ್ತದಿಂದ ತಟ್ಟಿ ತಟ್ಟಿ ತೋರಿಸುತ್ತಿದ್ದ. ಅವನನ್ನು ನಾವು ಅರ್ಬಾಬ್ ಎನ್ನುತ್ತಿದ್ದೆವು. ಕೆಲಸ ಕೊಟ್ಟವನನ್ನು ಇಲ್ಲಿ ಹಾಗೇ ಕರೆಯುವುದು.

ಅಪ್ಪ ಅಲ್ಲಿ ಅಡುಗೆಯವರು. ಅಮ್ಮನಿಗೆ ಬಟ್ಟೆ ಒಗೆಯುವ ಕೆಲಸ. ಅಕ್ಕ, ನಾನು ಸೇರಿ ನಾವು ನಾಲ್ಕು ಜನ ಹಿತ್ತಲಿನ ಒಂದು ಕೋಣೆಯಲ್ಲಿದ್ದೆವು. ಊರಿಂದ ಹಡಗಿನಲ್ಲಿ ತಂದ ಸಾಮಾನಿನಲ್ಲಿ ಭಾರದ್ದು ಅಂದರೆ ಮಸಾಲೆ ಅರೆಯುವ ಗುಂಡುಕಲ್ಲು. ಅದನ್ನು ಬಿಟ್ಟು ಬರಲು ಅಮ್ಮ ಒಪ್ಪಿರಲಿಲ್ಲ. ನಮಗಿಂತ ಮೊದಲು ಇದ್ದ ಅಡುಗೆಯವನು ಒಂದು ದೀಪ ಒಡೆದನಂತೆ. ಅರ್ಬಾಬ್ ಅವನನ್ನು ಹಡಗು ಹತ್ತಿಸಿ ಊರಿಗೆ ಕಳಿಸಿದ. ಹಾಗಾಗಿ ಆ ಮನೆಯಲ್ಲಿ ನಾವು ಗೋಡೆ ಮುಟ್ಟದೆ ನಡೆಯುತ್ತಿದ್ದೆವು.

ಅರ್ಬಾಬ್ ಮನೆಯವರು ಬೇಸಗೆ ಕಳೆದು ವಾಪಸು ಬರುವ ದಿನ ಅದು. ಹಿಂದೆಯೇ ಇನ್ನೊಂದು ಗಾಡಿಯಲ್ಲಿ ಅಬುಧಾಬಿಯ ನೆಂಟರು. ಒಳಗೆ ಮಾಂಸ ಬೇಯುತ್ತಿತ್ತು, ಏಲಕ್ಕಿಯ ವಾಸನೆ ಮಹಡಿಗೂ ಬಂದಿತ್ತು. ಗಾಡಿಯ ಧೂಳು ಮೊದಲು ಯಾರಿಗೆ ಕಾಣುತ್ತದೆ ಎಂದು ಅಕ್ಕನಿಗೂ ನನಗೂ ಪಂಥ. ಅಕ್ಕ ಉದ್ದ, ಮೇಲಿಂದ ನೋಡಿದಳು. ನಾನು ಗಿಡ್ಡಿ, ಕಂಬಗಳ ಸಂದಿಯಲ್ಲಿ ತಲೆ ತೂರಿಸಿದೆ.

ಹೋಗುವಾಗ ಸಲೀಸಾಗಿ ಹೋಯಿತು. ಬರುವಾಗ ಕಿವಿಯ ಓಲೆ ಅಡ್ಡ ನಿಂತಿತು. ಪರದೇಶದಲ್ಲಿ ಕಳೆದುಹೋಗಬಾರದೆಂದು ಅಜ್ಜಿ ಅದರ ತಿರುಪಿಗೆ ಕಪ್ಪು ನೂಲು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದಳು.

"ಇನ್ನು ಇಲ್ಲೇ ಇರು ಮಾರಾಯ್ತಿ, ಊಟ ತಂದು ಕೊಡ್ತೇನೆ" ಎಂದು ಅಕ್ಕ ತಮಾಷೆ ಮಾಡಿದಳು. ನಾನು ಎಳೆದೆ, ಕಿವಿ ಹರಿದ ಹಾಗಾಯಿತು. ಆಮೇಲೆ ಅವಳ ಮುಖ ಸಣ್ಣದಾಯಿತು. ಓಡಿ ಹೋಗಿ ತೆಂಗಿನೆಣ್ಣೆ ತಂದು ಸುರಿದಳು. ಅದರಿಂದ ಕೆಟ್ಟದ್ದೇ ಆಯಿತು. ಎಣ್ಣೆ ಕುಡಿದ ನೂಲಿನ ಗಂಟು ಬೆರಳಿಗೆ ಸಿಗದೆ ಜಾರಿತು. ಅಮ್ಮ ಬಂದು ಭುಜ ಹಿಡಿದು ಎಳೆದಳು. ಕಿವಿ ಬಾತುಕೊಂಡಿತು, ನೂಲು ಕತ್ತರಿಸಲು ಚಾಕು ತೂರಿಸುವಷ್ಟೂ ಸಂದಿ ಉಳಿಯಲಿಲ್ಲ. ಕಂಬ ಬಿಸಿಲಿಗೆ ಕಾದು ಕೆನ್ನೆ ಸುಡುತ್ತಿತ್ತು. ಕೆಳಗೆ ನೋಡಿದರೆ ಬರೀ ಮರಳು. ಮೂತ್ರ ಬೇರೆ ಬರುತ್ತಿತ್ತು.

ಅಪ್ಪ ಸೌಟು ಹಿಡಿದುಕೊಂಡೇ ಮೇಲೆ ಬಂದರು. ಬಂದವರು ಕಂಬವನ್ನು ಸವರಿ ನೋಡಿದರು, ಅಲ್ಲಾಡಿಸಿ ನೋಡಿದರು. ಅಷ್ಟರಲ್ಲಿ ದೂರದಲ್ಲಿ ಧೂಳು ಎದ್ದಿತು. ಮೊದಲು ಕಂಡದ್ದು ನನಗೇ. ನಾನು ಹೇಳಲಿಲ್ಲ.

ಅಮ್ಮ ಅಂದಳು, "ನೋಡುವುದು ಕಂಬವನ್ನಾ, ಮಗುವನ್ನಾ?"

ಅಪ್ಪ ಕೆಳಗೆ ಹೋದರು. ಓಡಿಹೋದರೇನೋ ಎಂದು ನನಗೆ ಹೆದರಿಕೆಯಾಯಿತು. ಬರುವಾಗ ಕೈಯಲ್ಲಿ ಗುಂಡುಕಲ್ಲಿತ್ತು. ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ನನ್ನ ತಲೆಗೆ ದಪ್ಪಗೆ ಸುತ್ತಿದರು. "ಕಣ್ಣು ಮುಚ್ಚು. ನಾನು ಹೇಳುವ ತನಕ ತೆಗೀಬೇಡ" ಅಂದರು.

ಮೊದಲ ಏಟಿಗೇ ಕಂಬ ಮುರಿಯಿತು. ಕಲ್ಲು ಅಷ್ಟು ಬೇಗ ಒಡೆಯುತ್ತದಾ? ನಾನು ಹಿಂದಕ್ಕೆ ಬಿದ್ದೆ. ಅಮ್ಮ ಎತ್ತಿಕೊಂಡಳು. ಮೊದಲು ಕಿವಿ ನೋಡಿದಳು, ಆಮೇಲೆ ಓಲೆ ನೋಡಿದಳು. ಎರಡೂ ಇದ್ದವು.

ಅರ್ಬಾಬ್ ಮೆಟ್ಟಿಲು ಹತ್ತಿ ಬಂದಾಗ ಅಪ್ಪ ಗುಂಡುಕಲ್ಲು ಕೆಳಗಿಡಲು ಮರೆತು ಹಾಗೇ ನಿಂತಿದ್ದರು. ನಾನು ಅಮ್ಮನ ಸೀರೆಯೊಳಗೆ ಮುಖ ಹಾಕಿದೆ. ಹಡಗು, ಊರು, ಅಜ್ಜಿಯ ಬೈಗುಳ, ಎಲ್ಲ ಕಣ್ಣ ಮುಂದೆ ಬಂತು. ಎಷ್ಟು ಹೊತ್ತಾದರೂ ಯಾರೂ ಬೈಯಲಿಲ್ಲ. ಇಣುಕಿ ನೋಡಿದೆ. ಅರ್ಬಾಬ್ ಮುರಿದ ತುಂಡನ್ನು ಕೈಯಲ್ಲಿ ಹಿಡಿದಿದ್ದ. ಒಳಗೆ ಬೂದಿ ಬಣ್ಣದ ಸಿಮೆಂಟು, ತುಕ್ಕು ಹಿಡಿದ ಒಂದು ಕಬ್ಬಿಣದ ಸರಿಗೆ. ಸಿಮೆಂಟಿನಲ್ಲಿ ಸಣ್ಣ ಸಣ್ಣ ಚಿಪ್ಪಿನ ಚೂರು. ಅವನು ಉಗುರಿನಿಂದ ಒಂದು ಚಿಪ್ಪು ಕಿತ್ತು ನೋಡಿದ. ಆಮೇಲೆ ಎದುರಿನ ಸಮುದ್ರ ನೋಡಿದ. ಕಟ್ಟಿದವರು ಇಲ್ಲಿಯದೇ ಮರಳಲ್ಲಿ ಕಂಬ ಎರೆದು, ಮೇಲೆ ಬಿಳೀ ಗಾರೆ ಬಳಿದು ಅವನಿಗೆ ಮೋಸ ಮಾಡಿದ್ದರು.

ಕೆಳಗೆ ನೆಂಟರ ಗಾಡಿ ನಿಂತ ಸದ್ದಾಯಿತು. ಈಗ ಹೆದರುವ ಸರದಿ ಅರ್ಬಾಬನದು. ಒಂದು ಕಾರ್ಪೆಟ್ಟು ತರಿಸಿ, ಒಣಗಲು ಹಾಕಿದ ಹಾಗೆ ಆ ಜಾಗದ ಮೇಲೆ ಹೊದಿಸಿದ. ಇದನ್ನು ಇನ್ನು ಯಾರು ನೋಡಿದ್ದಾರೆ ಎಂದು ಅಪ್ಪನನ್ನು ಕೇಳಿದ.

ಅಪ್ಪ ಅಂದರು, "ನಾನು ಅಡುಗೆಯವನು ಅರ್ಬಾಬ್. ಕಂಬದ ವಿಷಯ ನನಗೆಂತ ಗೊತ್ತು?"

ಅಷ್ಟೇ. ಯಾರನ್ನೂ ಹಡಗು ಹತ್ತಿಸಲಿಲ್ಲ. ಗಾರೆಯವನು ಬಂದು ಹೊಸ ಕಂಬ ನಿಲ್ಲಿಸಿದ. ಅರ್ಬಾಬ್ ಆಮೇಲೂ ಇಟಲಿಯ ಕಥೆ ಹೇಳುತ್ತಲೇ ಇದ್ದ, ಬೆತ್ತದಿಂದ ತಟ್ಟುವುದನ್ನು ಮಾತ್ರ ಬಿಟ್ಟ. ಅಪ್ಪ ತುಂಬ ದಿನ ಗಾಡಿಯ ಸದ್ದು ಕೇಳಿದರೆ ಸಾಕು, ಬೆಚ್ಚಿ ಬೀಳುತ್ತಿದ್ದರು.

ಈಗ ಆ ಬಂಗಲೆ ಹಳೇ ಕಾಲದ್ದೆಂದು ಕಾಯುತ್ತಾರೆ. ಮುಟ್ಟಬಾರದೆಂದು ಹಗ್ಗ ಕಟ್ಟಿದ್ದಾರೆ. ಮೊನ್ನೆ ಬಂಗಲೆ ತೋರಿಸುವ ಹುಡುಗಿ ನಿಮಗೆ ಇಂಗ್ಲಿಷಿನಲ್ಲಿ ಹೇಳಿದ್ದೂ ಅದೇ ಅಂತೆ, ಇಟಲಿಯ ಕಲ್ಲು, ಹಡಗಿನಲ್ಲಿ ಬಂದದ್ದು. ನೀವು "ವಾವ್" ಅಂದಿರಿ. ನಾನು ಬಾಯಿ ಬಿಡಲಿಲ್ಲ. ಇದೇ ದುಬೈಯ ಬರ್ಷಾದಲ್ಲಿರುವ ನಿಮ್ಮ ಫ್ಲಾಟಿನ ಬಾಲ್ಕನಿಗೆ ಪೂರ್ತಿ ಗಾಜು. ತಲೆ ತೂರಿಸಲು ಜಾಗವಿಲ್ಲ, ಒಳ್ಳೆಯದೇ ಆಯಿತು. ಮಸಾಲೆ ಮಿಕ್ಸಿಯಲ್ಲಿ ಆಗುತ್ತದೆ. ಆದರೆ ಗಾಳಿಗೆ ಬಾಗಿಲು ಬಡಿಯಬಾರದೆಂದು ನೀವು ಕಾಲಲ್ಲಿ ತಳ್ಳಿ ಅಡ್ಡ ಇಡುತ್ತೀರಲ್ಲ, ಒಂದು ಕರೀ ಗುಂಡುಕಲ್ಲು? ಹಡಗಿನಲ್ಲಿ ಬಂದದ್ದು ಅದು.