ಎಂಟು ಲೋಟ ಟೀ

ಅವರ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಪಕ್ಕ ಕೂತು, ಬಿಸಿನೀರಿನ ಬೇಸಿನ್ನಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಸವೆದು ಹೋದದ್ದಂತೆ. ವರ್ಷಕ್ಕೊಮ್ಮೆ ಪಿಂಚಣಿಗಾಗಿ ‘ಬದುಕಿದ್ದೇನೆ’ ಎಂದು ಬೆರಳೊತ್ತಲು ಹೋದರೆ ಯಂತ್ರ ಒಪ್ಪುತ್ತಿರಲಿಲ್ಲ. ಪುಸ್ತಕದ ಹಾಳೆ ತಿರುಗಿಸುವಾಗಲೂ ಎರಡೆರಡು ಸೇರಿಕೊಂಡು ಬರುತ್ತಿದ್ದವು. ಅವರು ತಾಳ್ಮೆಯಿಂದ ಹಿಂದಕ್ಕೆ ಹೋಗಿ ಬಿಟ್ಟ ಪುಟವನ್ನು ಹುಡುಕಿ ಓದುತ್ತಿದ್ದರು. ಎದುರಿಗೆ ಕೂತ ನನಗೆ ತಾಳ್ಮೆ ಇರಲಿಲ್ಲ. ಮಾಗಡಿಯ ಬಸ್ಸು ಹೊರಟುಹೋಗುತ್ತದೆ ಎಂದು ಗಡಿಯಾರ ನೋಡುತ್ತಾ ಹಲ್ಲು ಕಡಿಯುತ್ತಿದ್ದೆ.

ರಾಮನಗರದಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಿಂದ ಅವರು ಸಮಾಜಶಾಸ್ತ್ರದ ತ್ರೈಮಾಸಿಕ ಸಂಶೋಧನಾ ಪತ್ರಿಕೆ ನಡೆಸುತ್ತಿದ್ದರು. ನಿವೃತ್ತ ಪ್ರಾಧ್ಯಾಪಕರು. ನಾನು ಮಾಗಡಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಎದುರಿಗೆ ‘ಸಾರ್’ ಅನ್ನುತ್ತಿದ್ದೆ, ಬೆನ್ನ ಹಿಂದೆ ಏನೇನು ಅಂದಿದ್ದೇನೋ ಆ ದೇವರಿಗೇ ಗೊತ್ತು. ಇಲ್ಲಿ ಸಂಪಾದಕರು ಎಂದೇ ಕರೆಯುತ್ತೇನೆ.

ಅವರ ಕಾಟ ಒಂದೆರಡಲ್ಲ. ಇಮೇಲ್ ಮಾಡಿದ ಲೇಖನವನ್ನು ಅಚ್ಚು ಹಾಕಿಸಿ, ಸಾಲು ಸಾಲಿಗೂ ಕೆಂಪು ಗೆರೆ ಎಳೆದು, ಲಕೋಟೆಯಲ್ಲಿ ಹಾಕಿ ಮಾಗಡಿ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತಿದ್ದರು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕಾಯಬೇಕು. ಅಂಚಿನಲ್ಲಿ ಪ್ರತಿ ಪುಟಕ್ಕೂ ಒಂದೇ ಪ್ರಶ್ನೆ: ‘ನೋಡಿದ್ದೋ, ಕೇಳಿದ್ದೋ, ಊಹಿಸಿದ್ದೋ?’ ಬೆಳಿಗ್ಗೆ ಆರಕ್ಕೆ ಫೋನು. ಅನ್ನಕ್ಕಿಟ್ಟು, ಮಗಳಿಗೆ ಜಡೆ ಹಾಕುತ್ತಿರುವಾಗ ಮೂರನೇ ಅಡಿಟಿಪ್ಪಣಿಯ ಪುಟಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಯಾರಿಗೆ ತಲೆ ಕೆಡುವುದಿಲ್ಲ ಹೇಳಿ. ಒಮ್ಮೆ ನಮ್ಮ ಪ್ರಾಂಶುಪಾಲರು ನನ್ನ ಲೇಖನಕ್ಕೆ ತಮ್ಮ ಹೆಸರೂ ಸೇರಿಸಬೇಕೆಂದರು. ಸೇರಿಸಿಯೇ ಕಳಿಸಿದ್ದೆ. ಸಂಪಾದಕರು ನೇರವಾಗಿ ಪ್ರಾಂಶುಪಾಲರಿಗೇ ಫೋನ್ ಮಾಡಿ, ತಾವು ಬರೆದದ್ದು ಯಾವ ಪುಟ, ಅದರಲ್ಲಿ ಒಂದು ಅನುಮಾನ ಐತೆ, ಒಸಿ ಬಿಡಿಸಿ ಹೇಳಿ ಅಂದರಂತೆ. ಅಂಥ ವಿನಯ! ಪ್ರಾಂಶುಪಾಲರು ಆ ಸಿಟ್ಟನ್ನು ನನ್ನ ಮೇಲೆ ಇಡೀ ಸೆಮಿಸ್ಟರು ತೀರಿಸಿಕೊಂಡರು.

ಇಷ್ಟಾದರೂ ಆ ಪತ್ರಿಕೆಯನ್ನು ಬಿಡುವಂತಿರಲಿಲ್ಲ. ನಮ್ಮ ಕಡೆ ಅದರಲ್ಲಿ ಅಚ್ಚಾದರೆ ಬೆಲೆ ಇತ್ತು. ಆ ವರ್ಷ ಕನಕಪುರದ ಕಾಲೇಜೊಂದರಲ್ಲಿ ಕಾಯಂ ಹುದ್ದೆಗೆ ಅರ್ಜಿ ಕರೆದಿದ್ದರು. ಹತ್ತು ವರ್ಷದ ಅತಿಥಿ ಅನ್ನುವ ಪದವನ್ನು ನೀವೇ ಒಮ್ಮೆ ಅಂದು ನೋಡಿ, ನಗು ಬರುತ್ತದೆ. ನನಗೆ ಅಳು ಬರುತ್ತಿತ್ತು. ಅರ್ಜಿಯ ಜೊತೆ ಅಚ್ಚಾದ ಒಂದು ಲೇಖನ ಬೇಕೇ ಬೇಕಿತ್ತು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಕೈಗಳಿಗೆ ಆಗುವ ಗಾಯಗಳ ಬಗ್ಗೆ ಬರೆಯಲು ಹೊರಟೆ. ಮೂವತ್ತು ಜನರನ್ನು ಮಾತಾಡಿಸುತ್ತೇನೆ ಎಂದು ಸಂಪಾದಕರಿಗೆ ಮೊದಲೇ ಬರೆದುಕೊಟ್ಟಿದ್ದೆ. ಇಪ್ಪತ್ತೆರಡು ಮನೆ ಮುಗಿಯುವಷ್ಟರಲ್ಲಿ ಪರೀಕ್ಷೆಯ ಕೆಲಸ ಬಂತು, ಮಗಳಿಗೆ ಜ್ವರ ಬಂತು, ಅರ್ಜಿಯ ಕೊನೆಯ ದಿನವೂ ಹತ್ತಿರ ಬಂತು. ಉಳಿದ ಎಂಟು ಜನರನ್ನು ನಾನು ಅಡುಗೆಮನೆಯಲ್ಲಿ ಕೂತು ಹುಟ್ಟಿಸಿಬಿಟ್ಟೆ.

ಮೊದಲಿನ ಇಪ್ಪತ್ತೆರಡು ಜನ ಹೇಳಿದ್ದನ್ನೇ ಅಷ್ಟಿಷ್ಟು ಬದಲಿಸಿ ಅವರ ಬಾಯಿಗೆ ಹಾಕಿದೆ. ಕಾಲೇಜಿನ ಕ್ಯಾಲೆಂಡರಿನಲ್ಲಿ ನನಗೆ ಕ್ಲಾಸು ಇಲ್ಲದ ದಿನಗಳನ್ನು ಹುಡುಕಿ ತಾರೀಖು ಹಾಕಿದೆ. ನಿಜವಾಗಿ ಕಾಣಲಿ ಎಂದು ಲೇಖನದ ಕೊನೆಯ ಟಿಪ್ಪಣಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೂ ‘ಮಧ್ಯಾಹ್ನ ಎರಡು ಗಂಟೆ. ಮಾತು ಮುಗಿಸಿ ಇಬ್ಬರೂ ಟೀ ಕುಡಿದೆವು’ ಎಂದು ಸೇರಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಆ ಸಂಚಿಕೆಯ ಹೊತ್ತಿಗೆ ಸಂಪಾದಕರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಲೇಖನ ಓದಿ ಅಭಿಪ್ರಾಯ ಕೊಡುವ ಇಬ್ಬರು ತಜ್ಞರು ಹೊಗಳಿ ಬರೆದಿದ್ದರು. ಹಾಗಾಗಿ ಅಚ್ಚಾಯಿತು. ಅರ್ಜಿಗೆ ಪ್ರತಿ ಲಗತ್ತಿಸಿದ್ದೂ ಆಯಿತು. ತಿಂಗಳಾದ ಮೇಲೆ, ಕಣ್ಣು ಸರಿಹೋಗಿ ಹೊಸ ಕನ್ನಡಕ ಬಂದ ಮೇಲೆ ಅವರು ಸಂಚಿಕೆ ಓದಿದರು. ಬೆಳಿಗ್ಗೆ ಆರಕ್ಕೆ ಫೋನ್ ಬಂತು, ಬಾ ಎಂದರು. ಹೋದೆ. ನೀರು ಕೊಟ್ಟರು. ಟಿಪ್ಪಣಿಯ ಪುಟವನ್ನು ನನ್ನ ಮುಂದೆ ಇಟ್ಟರು.

“ಈ ತಾರೀಖೆಲ್ಲಾ ರಂಜಾನ್ ತಿಂಗಳು ಕಣಮ್ಮ” ಎಂದರು. “ಉಪವಾಸ ಇರೋ ನಮ್ಮ ಹೆಂಗಸರು ಮಧ್ಯಾಹ್ನ ಎರಡು ಗಂಟೆಗೆ ನಿನ್ ಜೊತೆ ಕೂತು ಟೀ ಕುಡಿದವ್ರೆ. ಮೈಗೆ ಸರಿ ಇಲ್ದೋರು ಯಾರೋ ಒಬ್ರು ಕುಡೀಬೋದು, ತಪ್ಪಿಲ್ಲ. ಎಂಟೂ ಜನಾನಾ?”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ತಾರೀಖು ತಪ್ಪಿರಬೇಕು ಎಂದೆ. ಮನೆಗಳು ಯಾವ ಬೀದಿ ಎಂದು ಕೇಳಿದರು. ಮರೆತಿದೆ ಎಂದೆ. ಅವರು ಕೆಂಪು ಪೆನ್ನು ಬಿಚ್ಚಿ, ಬೀದಿಯ ಹೆಸರು ಬರೆದುಕೊಳ್ಳಲು ಕಾದರು. ಬೈದಿದ್ದರೆ ನಾನೂ ಜಗಳ ಆಡಿ ಎದ್ದು ಬರುತ್ತಿದ್ದೆ. ಅವರು ಪೆನ್ನು ಹಿಡಿದೇ ಕೂತಾಗ ಎಲ್ಲವನ್ನೂ ಒಪ್ಪಿಕೊಂಡೆ, ಕಣ್ಣೀರಿಟ್ಟೆ, ಮೂರು ತಿಂಗಳಲ್ಲಿ ಇಂಟರ್‌ವ್ಯೂ ಇದೆ, ದಮ್ಮಯ್ಯ, ಇದನ್ನು ಇಲ್ಲಿಗೇ ಬಿಟ್ಟುಬಿಡಿ ಎಂದು ಬೇಡಿಕೊಂಡೆ. ಈ ಪತ್ರಿಕೆಯನ್ನು ಓದುವವರಾದರೂ ಯಾರು ಸಾರ್ ಎಂದೂ ಅಂದುಬಿಟ್ಟೆ.

“ಓದೋರಿಲ್ಲ ಅಂದ್ಮೇಲೆ ಬರೆದಿದ್ದು ಯಾಕಮ್ಮ?” ಎಂದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ರೇಗುತ್ತದೆ. ಎದುರಿಗೇ ಕೂತು ಒಪ್ಪಿಕೊಂಡಿದ್ದೇನೆ, ಸಾಲದೇ? ಸಾಲದು. ಎರಡು ದಿನದ ಮೇಲೆ ಮಾಗಡಿಯ ನಮ್ಮ ಮನೆಗೆ ರಿಜಿಸ್ಟರ್ಡ್ ಪತ್ರ. ‘ತಮ್ಮ ಲೇಖನದ ಬಗ್ಗೆ ಅನುಮಾನ ಬಂದಿರುತ್ತದೆ. ಹದಿನೈದು ದಿನದೊಳಗೆ ವಿವರಣೆ ನೀಡಬೇಕು.’ ಅತ್ತೆಯ ಎದುರು ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡ. ಏನೇ ಅದು ಎಂದು ಅತ್ತೆ ಕೇಳಿದಾಗ ಪರೀಕ್ಷೆಯ ಕಾಗದ ಎಂದೆ. ಸಂಪಾದಕರಿಗೆ ಫೋನ್ ಮಾಡಿ ಇದೇನು ಸಾರ್ ನಾಟಕ ಎಂದರೆ, ಬಾಯಲ್ಲಿ ಹೇಳಿದ್ದನ್ನು ನಾಳೆ ನಾನೇ ತಿರುಚಬಹುದು, ನಿನ್ನ ಮಾತು ನಿನ್ನ ಕೈಬರಹದಲ್ಲೇ ಇರಲಿ ಎಂದರು. ಬರೆದುಕೊಟ್ಟೆ.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಪ್ರಕಟಣೆ ಬಂತು. ಒಳಗೆಲ್ಲೋ ಮೂಲೆಯಲ್ಲಿ ಹಾಕಬಹುದಿತ್ತಲ್ಲ! ‘ಕಳೆದ ಸಂಚಿಕೆಯ ಈ ಲೇಖನವನ್ನು ಹಿಂತೆಗೆದುಕೊಳ್ಳಲಾಗಿದೆ. ಇದರಲ್ಲಿನ ಎಂಟು ಸಂದರ್ಶನಗಳು ನಡೆದಿಲ್ಲವೆಂದು ಲೇಖಕಿ ಒಪ್ಪಿದ್ದಾರೆ. ಪರಿಶೀಲಿಸದೆ ಅಚ್ಚಿಗೆ ಬಿಟ್ಟದ್ದು ಸಂಪಾದಕನ ತಪ್ಪು. ಉಳಿದ ಇಪ್ಪತ್ತೆರಡು ಸಂದರ್ಶನಗಳು ನಡೆದಿವೆ. ಆ ಮನೆಗಳಿಗೆ ಸಂಪಾದಕ ಖುದ್ದು ಹೋಗಿ ವಿಚಾರಿಸಿದ್ದಾನೆ.’ ನನ್ನ ಹೆಸರು, ಅವರ ಹೆಸರು, ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ. ಆಪರೇಷನ್ ಆದ ಕಣ್ಣಿಗೆ ಕರಿ ಕನ್ನಡಕ ಹಾಕಿಕೊಂಡು, ಬಿಸಿಲಲ್ಲಿ ಇಪ್ಪತ್ತೆರಡು ಮನೆ ಅಲೆದಿದ್ದರು ಎಂದು ನನಗೆ ಗೊತ್ತಾದದ್ದೇ ಅದನ್ನು ಓದಿದ ಮೇಲೆ. ಆಗ ಅದು ಉಪಕಾರ ಅಂತ ತೋಚಲಿಲ್ಲ. ಕನಕಪುರದ ಆಯ್ಕೆ ಸಮಿತಿಗೆ ಯಾರೋ ಪುಣ್ಯಾತ್ಮರು ಆ ಪುಟದ ಫೋಟೋ ಕಳಿಸಿದ್ದರು. ನನ್ನ ಇಂಟರ್‌ವ್ಯೂ ಮೂರು ನಿಮಿಷದಲ್ಲಿ ಮುಗಿಯಿತು.

ಒಂದು ವರ್ಷ ಅವರ ಹೆಸರೆತ್ತಿದರೆ ಉರಿದು ಬೀಳುತ್ತಿದ್ದೆ. ದುಡ್ಡು ಕೊಟ್ಟರೆ ವಾರದಲ್ಲಿ ಏನನ್ನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳಿವೆ. ಅವುಗಳಲ್ಲಿ ಪದಕ್ಕೆ ಪದ ಕದ್ದು ಬರೆದವರು ಈಗ ವಿಭಾಗದ ಮುಖ್ಯಸ್ಥರಾಗಿದ್ದಾರೆ. ಸಿಕ್ಕಿದ್ದು ನಾನೇ ಏನು ಇವರಿಗೆ? ಆ ಮನುಷ್ಯನಿಗೆ ನಾಚಿಕೆಯೂ ಇರಲಿಲ್ಲ. ತಿಂಗಳಿಗೊಮ್ಮೆ ಫೋನ್ ಮಾಡಿ ಒಂದೇ ಮಾತು: “ಆ ಎಂಟು ಜನ ಇನ್ನೂ ಬಾಕಿ ಅವ್ರೆ ಕಣಮ್ಮ. ಯಾವತ್ತು ಬತ್ತೀಯ?” ನಾನು ಫೋನ್ ಕುಕ್ಕುತ್ತಿದ್ದೆ. ಹನ್ನೆರಡನೇ ಸಲ, ಈ ಪೀಡೆ ತೊಲಗಲಿ ಎಂದೇ ಬಸ್ಸು ಹತ್ತಿದೆ.

ಎಂಟು ಮನೆಗಳನ್ನು ಅವರೇ ಗೊತ್ತುಮಾಡಿದ್ದರು. ತಾವಿದ್ದರೆ ಹೆಂಗಸರು ಬಾಯಿ ಬಿಡುವುದಿಲ್ಲವೆಂದು ಬೀದಿಯ ತುದಿಯಲ್ಲೇ ನಿಂತರು. ಮೊದಲ ಮನೆಯಲ್ಲಿ ನಾನು ಎಂದಿನಂತೆ ಕೈ ತೋರಿಸಿ ಎಂದೆ. ಆಕೆ ಕೈ ಚಾಚಲೇ ಇಲ್ಲ.

“ಕೈ ಬುಡಮ್ಮ, ಎಲ್ರೂ ಕೈನೇ ಕೇಳ್ತಾರೆ” ಎಂದಳು. “ಮಲಗಿದ್ರೆ ಉಸಿರು ಕಟ್ತದೆ. ಅದನ್ನ ಒಬ್ರೂ ಕೇಳಿಲ್ಲ.”

ಗೂಡು ಬೇಯಿಸುವ ಹಬೆ, ಒಳಗಿನ ಹುಳು ಬೆಂದ ವಾಸನೆ, ಕಿಟಕಿಯಿಲ್ಲದ ಕೋಣೆ. ಎಂಟರಲ್ಲಿ ಐದು ಜನ ಕೆಮ್ಮಿನ ಮಾತನ್ನೇ ಆಡಿದರು. ಮೊದಲಿನ ಇಪ್ಪತ್ತೆರಡು ಜನರ ಮನೆಗಳಿಗೂ ಮತ್ತೆ ಹೋದೆ. ಅಲ್ಲೂ ಅದೇ ಕಥೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನಾನು ಅಡುಗೆಮನೆಯಲ್ಲಿ ಹುಟ್ಟಿಸಿದ ಎಂಟು ಜನರಲ್ಲಿ ಒಬ್ಬರೂ ಕೆಮ್ಮಿರಲಿಲ್ಲ. ಅವತ್ತು ನನಗೆ ನಿಜವಾಗಿ ನಾಚಿಕೆಯಾಯಿತು. ಹೊಸ ಲೇಖನ ಅಚ್ಚಾಯಿತು. ಅದರ ಕೆಳಗೆ, ಹಳೆಯದನ್ನು ಹಿಂತೆಗೆದುಕೊಂಡದ್ದು ಯಾಕೆ ಎಂದು ಮತ್ತೆ ಹಾಕಿಸಿದರು, ಬಿಟ್ಟಾರೆಯೇ!

ಆಮೇಲೆ ಬರುವ ಲೇಖನಗಳನ್ನು ಮೊದಲು ನನಗೇ ಕಳಿಸತೊಡಗಿದರು. ನನಗೇ ಏಕೆ ಎಂದು ಸಿಡುಕಿದರೆ, ಸುಳ್ಳು ಬರೆಯೋದು ಎಷ್ಟು ಸಲೀಸು ಅಂತ ನಿಂಗೆ ಗೊತ್ತೈತಲ್ಲ ಎಂದರು. ಐದು ವರ್ಷ ಸಂಬಳವಿಲ್ಲದೆ ಜೀತ ಮಾಡಿದೆ. ಎಷ್ಟು ಕಳ್ಳ ಕೋಷ್ಟಕಗಳು, ಎಷ್ಟು ಬರೆಯದವರ ಹೆಸರುಗಳು. ಪ್ರತಿಯೊಬ್ಬರಿಗೂ ರಿಜಿಸ್ಟರ್ಡ್ ಪತ್ರ, ಹದಿನೈದು ದಿನ, ವಿವರಣೆ. ಸಾಕಪ್ಪಾ ಸಾಕು ಅನ್ನಿಸಿಬಿಡುತ್ತಿತ್ತು.

ಕಳೆದ ವರ್ಷ ಅವರು ಹೋದರು. ಎರಡು ದಿನದ ಜ್ವರ, ಅಷ್ಟೇ. ನಲವತ್ತು ದಿನ ಕಳೆದ ಮೇಲೆ ಪತ್ರಿಕೆಯ ಸಮಿತಿ ಆ ಮೇಲಿನ ಕೋಣೆಯಲ್ಲಿ ಸೇರಿತು. ಮುಂದಿನ ಸಂಪಾದಕಿಯಾಗಿ ನನ್ನ ಹೆಸರನ್ನು ಅವರು ಬರೆದಿಟ್ಟಿದ್ದರು. ನಾನು ಇನ್ನೂ ಅತಿಥಿ ಉಪನ್ಯಾಸಕಿಯೇ. ಸಮಿತಿಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ತಪ್ಪು ತಿಳಿಯಬೇಡಿ ಮೇಡಂ, ಲೇಖನ ಹಿಂತೆಗೆದುಕೊಂಡ ಕಳಂಕ ಇರುವವರನ್ನೇ ಸಂಪಾದಕರನ್ನಾಗಿ ಮಾಡಿದರೆ ಜನ ಏನಂದಾರು ಎಂದರು. ಹೇಳಿದ್ದು ಸುಳ್ಳಲ್ಲವಲ್ಲ. ನಾನು ಬ್ಯಾಗು ತೆಗೆದುಕೊಂಡು ಎದ್ದೆ. ಕಾರ್ಯದರ್ಶಿ ಕೂರಿ ಎಂದು ಸನ್ನೆ ಮಾಡಿ, ಅವರು ಬಿಟ್ಟುಹೋದ ಕಾಗದದ ಉಳಿದ ಭಾಗ ಓದಿದರು:

“ಆಕ್ಷೇಪ ಬರುತ್ತದೆಂದು ಗೊತ್ತು. ಆಕೆಯ ತಪ್ಪು ಅಚ್ಚಿನಲ್ಲಿದೆ, ಯಾರು ಬೇಕಾದರೂ ಓದಬಹುದು. ನಮ್ಮನಮ್ಮದು ಎಲ್ಲಿದೆ?”

ಆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತರು. ಕಾರ್ಯದರ್ಶಿ ಸಂಪಾದಕರ ಕುರ್ಚಿಯನ್ನು ನನ್ನತ್ತ ಸರಿಸಿದರು. ಹೋದ ಮೇಲೂ ನನ್ನ ತಪ್ಪನ್ನು ಹತ್ತು ಜನರ ಮುಂದೆ ಓದಿಸದೆ ಬಿಡಲಿಲ್ಲ ಈ ಮಹಾರಾಯರು ಎಂದು ಬೈದುಕೊಳ್ಳುತ್ತಲೇ ನಾನು ಅವರ ಕುರ್ಚಿಯಲ್ಲಿ ಕೂತು ಎಲ್ಲರೆದುರೇ ಗಳಗಳ ಅತ್ತೆ.