ವೈನಿ ಮತ್ತು ಹೊಸ ಕರ್ನಲ್

ವೈನಿಯ ಮೂಗಿನ ತುದಿ ಸದಾ ತುಸು ಮೇಲೆದ್ದಿರುತ್ತಿತ್ತು, ಏನೋ ವಾಸನೆ ಹಿಡಿದವರ ಹಾಗೆ. ಹಾಲನ್ನು ಯಾರೇ ಕೊಡಲಿ, ಮೂಸಿಯೇ ಬಾಯಿಗಿಡುವವರು. ಕಣ್ಣೆದುರೇ ಕಾಯಿಸಿದ್ದಾದರೂ ಸರಿ. ದೇವಣಿಯಲ್ಲಿ ದನ ಸಾಕುವ ಮನೆತನದಿಂದ ಬಂದ ವೈನಿ, ಎಂದರೆ ನನ್ನ ಅಣ್ಣನ ಹೆಂಡತಿ, ಉಮರ್ಗಾದ ನಮ್ಮ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ತರಕಾರಿಯವನ ತಕ್ಕಡಿ, ನೆಂಟರ ಹೊಗಳಿಕೆ, ಕಂಪ್ಯೂಟರಿನ ಅಪ್‌ಡೇಟು, ಎಲ್ಲದರ ಮೇಲೂ ಒಂದೇ ಗುಮಾನಿ.

ಅಪ್‌ಡೇಟಿನ ಗುಮಾನಿಗೆ ಕಾರಣವಿತ್ತು. ನಮ್ಮ ಕಂಪ್ಯೂಟರಿನದು ಲಿನಕ್ಸ್ ವ್ಯವಸ್ಥೆ. ಕಂಪ್ಯೂಟರಿಗೆ ಚುಚ್ಚಿದ ಅಗ್ಗದ ವೈಫೈ ತುಂಡನ್ನು ನಡೆಸುವ ತಂತ್ರಾಂಶ, ಅಂದರೆ ಮಾಡ್ಯೂಲ್, ಲಿನಕ್ಸಿನ ಜೊತೆ ಬರುವುದಿಲ್ಲ. ಹೊರಗಿನಿಂದ ತಂದು, ಲಿನಕ್ಸಿನ ತಿರುಳಾಗಿ ಇರುವ ಕರ್ನಲ್‌ಗೆ ತಕ್ಕಂತೆ ಕಟ್ಟಿಕೊಳ್ಳಬೇಕು. ಅಪ್‌ಡೇಟಿನಲ್ಲಿ ಕರ್ನಲ್ ಬದಲಾದರೆ ಮತ್ತೆ ಕಟ್ಟಬೇಕು. "ಹಳಿ ಎತ್ತಿನ ಕೊರಳಪಟ್ಟಿ ಹೊಸಾದಕ್ಕ ಕೂಡಂಗಿಲ್ಲ ತಮ್ಮಾ," ಎನ್ನುತ್ತಿದ್ದರು ವೈನಿ.

ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅಣ್ಣ ಒಮ್ಮೆ, ಹೊಸದು ಬಂದ ಮೇಲೂ ಅದರಲ್ಲೇ ಉಳಿದಿದ್ದ ಹಳೆಯ ಕರ್ನಲ್ ಅಳಿಸಹೋದ. "ಕಚರಾ ಅದ, ತೆಗಿತೀನಿ."

"ಹೊಸ ಎತ್ತು ಹೂಡಿ ನೋಡದ ಹಳೇದು ಸಂತಿಗಿ ಹೊಡಿತಾರೇನ್ರಿ? ನಿಮಗ ಕೊಟ್ಟ ಮ್ಯಾಲೂ ನಮ್ಮಪ್ಪ ನನ್ನ ಖೋಲಿ ಖಾಲಿ ಮಾಡಿರ್ಲಿಲ್ಲ, ನೆಪ್ಪಿರ್ಲಿ!"

ಅಣ್ಣ ಕೈ ತೆಗೆದ.

ನನ್ನ ಮಗಳ ನರ್ಸ್ ಕೆಲಸದ ಸಂದರ್ಶನ ಆ ಕಂಪ್ಯೂಟರಿನಲ್ಲೇ ನಡೆಯಬೇಕಿತ್ತು. ಆ ಬೆಳಿಗ್ಗೆ ನೋಡಿದರೆ ವೈಫೈ ಮಾಯ. ಪಡಸಾಲೆಯಲ್ಲಿ ಮೊಬೈಲ್ ಸಿಗ್ನಲ್ ನಿಲ್ಲದು. ಅಣ್ಣ ಇಂಟರ್‌ನೆಟ್ಟಿನವರನ್ನು ಬೈದ. ನಾನು ಇಲಿಯನ್ನು ಶಂಕಿಸಿ ವೈರು ತಡವಿದೆ. ಮಗಳ ಕಣ್ಣು ತುಂಬಿತ್ತು.

"ನಿನ್ನಿ ಇದರಾಗ ಹೊಸಾದು ಏನ್ ಬಂದದ?" ವೈನಿ ಕೇಳಿದರು.

"ಸಂಜಿಗಿ ಅಪ್‌ಡೇಟ್ ಆಯ್ತು, ದೊಡ್ಡವ್ವ."

"ಹಂಗ ಅನ್ನು!"

ಯಂತ್ರ ಆರಿಸಿ ಮತ್ತೆ ಹಚ್ಚಿ, ಕಪ್ಪು ಪರದೆಯ ಪಟ್ಟಿಯಲ್ಲಿ ಹಳೆಯ ಕರ್ನಲ್ ಆಯ್ದುಕೊಂಡರು. ವೈಫೈ ಬಂತು. ಮಗಳು ಸೆರಗಿನಂಚಲ್ಲಿ ಮುಖ ಒರೆಸಿ ಕುಳಿತಳು. ಕೆಲಸ ಸಿಕ್ಕಿತು.

ಮಧ್ಯಾಹ್ನ ಅದೇ ಹಳೆಯದರ ಮೇಲೆ ಕುಳಿತು, ಹೊಸದಕ್ಕೆ ಬೇಕಾದ ಕಡತಗಳನ್ನು ಇಳಿಸಿ, ನನ್ನ ಕೈಯಿಂದಲೇ ಮಾಡ್ಯೂಲ್ ಕಟ್ಟಿಸಿದರು. ಆಯಿತೆಂದು ಪರದೆ ಹೇಳಿದರೂ ನಂಬಲಿಲ್ಲ. "ಅದು ಹಂಗ ಅಂತದ. ನೀ ಹೊಸಾದ್ರಾಗ ಚಾಲೂ ಮಾಡಿ ತೋರ್ಸು."

ಮುಂದೆ ವೈನಿ ತೀರಿಕೊಂಡದ್ದು ಮಗಳು ಕೆಲಸ ಮಾಡುವ ಉದಗೀರಿನ ಆಸ್ಪತ್ರೆಯಲ್ಲೇ. ಅಲ್ಲಿಯೂ ಮಾತ್ರೆ ಮೂಸುತ್ತಿದ್ದರು. ಕಡೆಯ ಸಲ ನೋಡಲು ಹೋದಾಗ, ಮತ್ತೆ ಕರ್ನಲ್ ಬದಲಾಯಿತು, ಮಾಡ್ಯೂಲ್ ಕಟ್ಟಿದೆ ಎಂದೆ.

"ಚಾಲೂ ಮಾಡಿ ನೋಡ್ದಿ?"

"ನೋಡ್ದೆ ವೈನಿ, ಬಂತು."

"ಹಳೇದು?"

"ಅದೂ ಅದರೀ."

ಮಗಳು ಹಾಲಿನ ಲೋಟ ಚಾಚಿದಳು. ವೈನಿ ಅವಳ ಮುಖವನ್ನೊಮ್ಮೆ ನೋಡಿ ಇಸಿದುಕೊಂಡರು.

ಮೂಸಲಿಲ್ಲ. ಹಾಗೆಯೇ ಕುಡಿದರು.