ಮಬ್ಬಕ್ಕ ಎಡಕ್ಕಿಟ್ಟ ಮೂವತ್ತಾರು ಸೀಸೆಗಳು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ನೀಲಿ ಟೋಪಿ, ಗ್ಲೌಸು ತೊಟ್ಟ ಐವತ್ತೊಂದರ ಹೆಂಗಸು ಕಪ್ಪು ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು, ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಸೀಸೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿಯುತ್ತಾರೆ. 'ಮಬ್ಬಿದೆ' ಎಂದು ಬಲಕ್ಕಿಡುತ್ತಾರೆ. ಇನ್ನೊಂದನ್ನು ಹಿಡಿದು 'ಇಲ್ಲ' ಎಂದು ಎಡಕ್ಕಿಡುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನಗೆ ಎರಡೂ ಖಾಲಿಯೇ. ಮರ್ಯಾದೆ ಉಳಿಸಿಕೊಳ್ಳಲು ಎಡಗಡೆಯದನ್ನು ತೋರಿಸಿ 'ಹೂಂ, ಈಗ ಕಾಣ್ತು' ಎನ್ನುತ್ತೇನೆ.

'ಅದು ಖಾಲೀದು ಸರ್,' ಎನ್ನುತ್ತಾರೆ.

ಜೊತೆಯವರು ಇವರನ್ನು ಮಬ್ಬಕ್ಕ ಎಂದೇ ಕರೆಯುವುದು. ತುಂಬಿದ ಸೀಸೆಯ ತಳದಲ್ಲಿ, ಕನ್ನಡಿಗೆ ಉಸಿರು ತಾಗಿದಂಥ ತೆಳು ಪದರ ಇರುತ್ತದಂತೆ. ಅದೇ ಈ ಕಾರ್ಖಾನೆಯಲ್ಲಿ ತಯಾರಾಗುವ ಮಾಲು, ಮನುಷ್ಯರ ಪ್ರೋಟೀನು. ಮನುಷ್ಯರದ್ದು ಹೌದು, ಆದರೆ ಯಾವ ಮನುಷ್ಯನ ಮೈಯಿಂದಲೂ ತೆಗೆದದ್ದಲ್ಲ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಲಿ ಮಾಡಿಸಿ, ಸೋಸಿ ಒಣಗಿಸಿದ್ದು. ಚೀಟಿಯ ಮೇಲೋ, 'ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡಬಾರದು' ಎಂದಿದೆ. ಇಷ್ಟು ಬರೆದುಕೊಳ್ಳುವ ಹೊತ್ತಿಗೆ ನನ್ನ ತಲೆ ಮೊಸರುಗಡಿಗೆಯಾಗಿರುತ್ತದೆ.

'ನಮ್ಮತ್ತೆಗೂ ಇದೇ ಗೊಂದಲ,' ಎಂದು ಮಬ್ಬಕ್ಕ ನಗುತ್ತಾರೆ. 'ಮನುಷ್ಯರದ್ದು ಅಂತೀಯ, ಮನುಷ್ಯರಿಂದ ಬಂದಿಲ್ಲ ಅಂತೀಯ, ಮನುಷ್ಯರಿಗೆ ಕೊಡೋ ಹಾಗಿಲ್ಲ ಅಂತೀಯ. ಹಾಗಾದ್ರೆ ಯಾರಪ್ಪನ ಮನೇದೇ ಅದು ಅಂತ ಕೇಳ್ತಾರೆ. ಹನ್ನೆರಡು ವರ್ಷ ಆಯ್ತು, ನಂಗೂ ಉತ್ತರ ಗೊತ್ತಿಲ್ಲ.'

ಇವರು ಇಲ್ಲಿಗೆ ಬಂದದ್ದು ಗಾಜಿನ ಸಾಮಾನು ತೊಳೆಯಲು. ಮೊದಲ ವಾರವೇ ಹನ್ನೊಂದು ತುಂಬಿದ ಸೀಸೆಗಳನ್ನು ಕೊಳೆ ಎಂದುಕೊಂಡು ಫಳಫಳ ತೊಳೆದಿಟ್ಟರು. 'ಅವತ್ತು ದೊಡ್ಡವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತ್ಬಿಟ್ರು. ಆ ಅವಮಾನಕ್ಕೇ ನೋಡೋದು ಕಲಿತೆ.' ಈಗ ದಿನಕ್ಕೆ ಸಾವಿರದೆಂಟುನೂರು ಸೀಸೆ, ಒಂದಕ್ಕೆ ಹತ್ತು ಸೆಕೆಂಡು.

ಇವತ್ತು ಮಾತ್ರ ಅವರ ಕಣ್ಣು ಮತ್ತೆ ಮತ್ತೆ ಬಾಗಿಲಿನತ್ತ ಹೋಗುತ್ತಿದೆ. ಸೋಮವಾರ ಮೂವತ್ತಾರು ಸೀಸೆಗಳನ್ನು ಖಾಲಿ ಎಂದು ಎಡಕ್ಕಿಟ್ಟಿದ್ದರು. ತುಂಬುವ ಯಂತ್ರ ಎಲ್ಲವನ್ನೂ ತುಂಬಿದ್ದೇನೆ ಎನ್ನುತ್ತದೆ. ಒಳಗಿನದು ತಕ್ಕಡಿಗೂ ಸಿಕ್ಕದಷ್ಟು ಕಡಿಮೆ, ನೀರಲ್ಲಿ ಕರಗಿಸಿಯೇ ಪರೀಕ್ಷಿಸಬೇಕು, ಕರಗಿಸಿದರೆ ಆ ಸೀಸೆ ಕೆಟ್ಟಂತೆ. ಹಾಗಾಗಿ ಪರೀಕ್ಷೆಯವರು ಆರನ್ನಷ್ಟೇ ತೆರೆದಿದ್ದಾರೆ, ಫಲಿತಾಂಶ ಇವತ್ತು ಬರಬೇಕು. ಮಬ್ಬಕ್ಕನದು ತಪ್ಪಾದರೆ ನಾಳೆಯಿಂದ ಪೆಟ್ಟಿಗೆ ಕಟ್ಟುವ ವಿಭಾಗ. ಅಲ್ಲಿ ದಿನವಿಡೀ ನಿಂತೇ ಇರಬೇಕು. ಇವರ ಎಡಮಂಡಿ ಅರ್ಧ ಗಂಟೆಯೂ ತಡೆಯುವುದಿಲ್ಲ.

'ಯಂತ್ರಕ್ಕೆ ವಯಸ್ಸಾಗಲ್ಲ ಸರ್, ಕಣ್ಣಿಗೆ ಆಗತ್ತೆ. ಭಯ ಆಗ್ತಿದೆ.'

ಹತ್ತು ಗಂಟೆಗೆ ಮೇಲ್ವಿಚಾರಕ ಬರುತ್ತಾರೆ. 'ಐದು ಖಾಲಿ ಅಕ್ಕ. ಯಂತ್ರದ ಒಂದು ನಳಿಗೆ ಕಟ್ಕೊಂಡಿತ್ತು. ಆರನೇದ್ರಲ್ಲಿ ಮಾಲಿತ್ತು, ಇರ್ಲಿ ಬಿಡಿ. ನೀವು ಈ ಕುರ್ಚಿ ಬಿಟ್ಟು ಏಳೋದು ಬೇಡ.'

ನಾನು ಕೈ ಕುಲುಕಲು ಹೋಗುತ್ತೇನೆ. ಮಬ್ಬಕ್ಕನ ಮುಖದಲ್ಲಿ ನಗುವಿಲ್ಲ. 'ಆರನೇದ್ರಲ್ಲಿ ಎಲ್ಲಿತ್ತು?' ಎಂದು ಕೇಳುತ್ತಾರೆ.

'ರಬ್ಬರ್ ಮುಚ್ಚಳದ ಒಳಗಡೆ ಅಂಟಿತ್ತು.'

ಮಬ್ಬಕ್ಕ ಕೈಲಿದ್ದ ಸೀಸೆಯನ್ನು ಮೇಜಿನ ಮೇಲಿಟ್ಟು ಅದರ ಮುಚ್ಚಳವನ್ನೇ ನೋಡುತ್ತಾರೆ. ಗೆದ್ದವರು ಹೀಗೆ ಕೂರುತ್ತಾರೆಯೇ? ನನಗೆ ಅರ್ಥವಾಗುವುದಿಲ್ಲ. 'ದೂರ ಸಾಗಿಸುವಾಗ ಅಂಟುತ್ತೆ ಅಂತ ಗೊತ್ತಿತ್ತು,' ಎನ್ನುತ್ತಾರೆ ಕೊನೆಗೆ. 'ಇಲ್ಲೇ ಅಂಟುತ್ತೆ ಅಂತ ಹೊಳೀಲೇ ಇಲ್ಲ. ಹನ್ನೆರಡು ವರ್ಷ ಬರೀ ತಳ ನೋಡಿದೀನಿ. ಎಷ್ಟನ್ನ ಕಸಕ್ಕೆ ಹಾಕ್ಸಿದೀನೋ.'

ಉಳಿದ ಮೂವತ್ತನ್ನು ತರಿಸಿಕೊಳ್ಳುತ್ತಾರೆ. ಒಂದೊಂದನ್ನೂ ತಲೆಕೆಳಗು ಮಾಡಿ ದೀಪಕ್ಕೆ ಹಿಡಿಯುತ್ತಾರೆ. ಈ ಸಲ ಹತ್ತು ಸೆಕೆಂಡಿನ ಲೆಕ್ಕವಿಲ್ಲ. ಎರಡು ಸೀಸೆ ಎಡದಿಂದ ಬಲಕ್ಕೆ ಹೋಗುತ್ತವೆ.

ಹೊರಡುವಾಗ, ಪತ್ರಿಕೆಯಲ್ಲಿ ಏನಾದರೂ ಹೇಳಬೇಕಿದೆಯೇ ಎಂದು ಕೇಳುತ್ತೇನೆ. ಮುಂದಿನ ಸೀಸೆ ಆಗಲೇ ಅವರ ಕೈಯಲ್ಲಿದೆ.

'ಐದು ಸರಿ ಹೇಳಿದ್ಲು ಅಂತ ಬರೀಬೇಡಿ ಸರ್. ಒಂದು ತಪ್ಪಿದ್ಲು ಅಂತ ಬರೀರಿ. ಬೇರೆ ಕಡೆ ನನ್ನ ಹಾಗೆ ಕೂತಿರೋರು ಇರ್ತಾರಲ್ಲ, ಅವ್ರೂ ಮುಚ್ಚಳ ನೋಡ್ಲಿ.'